ಫೋನ್ ಮುಚ್ಚಿಡುವ ಫ್ಯಾರಡೇ ಚೀಲ: ಏನನ್ನು ತಡೆಯುತ್ತದೆ, ಎಲ್ಲಿ ಸೋಲುತ್ತದೆ

ಫೋನನ್ನು ಒಳಗಿಟ್ಟು ಬಾಯಿ ಮಡಚಿದ ಕೂಡಲೇ ಟವರ್, ವೈಫೈ, ಬ್ಲೂಟೂತ್, ಜಿಪಿಎಸ್ ಎಲ್ಲದರ ಸಂಪರ್ಕ ಕಡಿಯಬೇಕು. ಫ್ಯಾರಡೇ ಚೀಲದ ಕೆಲಸ ಇಷ್ಟೇ. ಮೊದಮೊದಲು ಇದನ್ನು ಹೆಚ್ಚಾಗಿ ಬಳಸುತ್ತಿದ್ದವರು ತನಿಖಾಧಿಕಾರಿಗಳು. ವಶಪಡಿಸಿಕೊಂಡ ಫೋನಿನ ಮಾಹಿತಿಯನ್ನು ಯಾರೂ ದೂರದಿಂದ ಅಳಿಸಿಹಾಕಬಾರದು ಎಂದು ಅದನ್ನು ಇಂಥ ಚೀಲದಲ್ಲಿಟ್ಟು ಪ್ರಯೋಗಾಲಯಕ್ಕೆ ಸಾಗಿಸುತ್ತಿದ್ದರು, ಈಗಲೂ ಸಾಗಿಸುತ್ತಾರೆ. ಸರ್ಕಾರಗಳು ಫೋನಿನ ಮೂಲಕ ಜನರ ಓಡಾಟದ ಲೆಕ್ಕ ಇಡುತ್ತವೆ ಎಂಬುದು ಜಗಜ್ಜಾಹೀರಾದ ಮೇಲೆ ಪತ್ರಕರ್ತರು, ವಕೀಲರು, ಹೋರಾಟಗಾರರು ಮಾತ್ರವಲ್ಲ, ತನ್ನ ಬದುಕು ತನ್ನದಾಗಿರಲಿ ಎನ್ನುವ ಸಾಮಾನ್ಯರೂ ಇದನ್ನು ಕೊಳ್ಳತೊಡಗಿದ್ದಾರೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ: ಬಾಯಿಯನ್ನು ಎರಡು ಸುತ್ತು ಮಡಚಿ ವೆಲ್ಕ್ರೋ ಅಂಟಿಸುವಂಥದ್ದು, ಅಯಸ್ಕಾಂತದ ಪಟ್ಟಿಯಿಂದ ಮುಚ್ಚಿಕೊಳ್ಳುವಂಥದ್ದು, ಒಂದೇ ಮಡಿಕೆಯ ತೆಳು ಪೌಚ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕೊಳ್ಳುವುದಾದರೆ ಎರಡು ಸುತ್ತು ಮಡಚುವ, ಒಳಗೆ ಎರಡು ಪದರ ಲೋಹದ ಬಟ್ಟೆ ಇರುವ ಚೀಲವನ್ನೇ ಕೊಳ್ಳಿ. ಒಂದೇ ಮಡಿಕೆಯದನ್ನು ಕೈಯಲ್ಲೂ ಹಿಡಿಯಬೇಡಿ. ಚೀಲ ಎಷ್ಟೇ ಒಳ್ಳೆಯದಿದ್ದರೂ ಅದು ಕಾಯುವುದು ಫೋನ್ ಒಳಗಿರುವ ಹೊತ್ತನ್ನು ಮಾತ್ರ. ಒಳಗಿಡುವ ಮೊದಲು ಮತ್ತು ಹೊರತೆಗೆದ ಮೇಲೆ ಏನು ದಾಖಲಾಗುತ್ತದೆ ಎಂಬುದನ್ನು ತಿಳಿಯದೆ ಬಳಸಿದರೆ ಚೀಲದಿಂದ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು.

ಲೇಬಲ್ಲಿನ ಡೆಸಿಬೆಲ್ ಲೆಕ್ಕ

ಹೆಚ್ಚಿನ ಚೀಲಗಳ ಮೇಲೆ ಒಂದು ಸಂಖ್ಯೆ ಇರುತ್ತದೆ: 60 ಡೆಸಿಬೆಲ್, 80 ಡೆಸಿಬೆಲ್, ಕೆಲವದರಲ್ಲಿ 100ಕ್ಕೂ ಮೇಲೆ. ಸಿಗ್ನಲ್ಲಿನ ಶಕ್ತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದರ ಅಳತೆ ಇದು. 20 ಡೆಸಿಬೆಲ್ ಎಂದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ, 40 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು, 60 ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, 80 ಎಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು.

ಹತ್ತು ಸಾವಿರದಲ್ಲಿ ಒಂದು ಪಾಲು ಎಂದಾಗ ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ಸಾಲದು. 4ಜಿ ಫೋನಿಗೆ ಸಿಗ್ನಲ್ ಚೆನ್ನಾಗಿರುವ ಕಡೆ ಸುಮಾರು ಮೈನಸ್ 70 ಡಿಬಿಎಂ ಸಿಗುತ್ತದೆ (ಡಿಬಿಎಂ ಸಿಗ್ನಲ್ ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ಅದೇ ಫೋನ್ ಮೈನಸ್ 115, ಮೈನಸ್ 120ರವರೆಗೂ ಹೇಗೋ ಟವರಿನ ಜೊತೆ ನಂಟು ಉಳಿಸಿಕೊಳ್ಳಬಲ್ಲದು. 40 ಡೆಸಿಬೆಲ್ ತಡೆಯುವ ಚೀಲದೊಳಗೆ ಇಟ್ಟರೆ ಮೈನಸ್ 70 ಇದ್ದದ್ದು ಮೈನಸ್ 110 ಆಗುತ್ತದೆ. ಅಂದರೆ ಫೋನ್ ಇನ್ನೂ ಜೀವಂತ, ಕರೆ ಬಂದರೆ ರಿಂಗ್ ಆಗುತ್ತದೆ. ಟವರಿನ ಹತ್ತಿರವೇ ಇದ್ದರೆ ಸಿಗ್ನಲ್ ಮೈನಸ್ 50ಕ್ಕೂ ಏರಬಹುದು. ಅಲ್ಲಿ 70 ಡೆಸಿಬೆಲ್ಲಿಗಿಂತ ಕಡಿಮೆ ಇರುವ ಯಾವ ಚೀಲವನ್ನೂ ನಂಬುವಂತಿಲ್ಲ. ನಗರದ ನಟ್ಟನಡುವೆ ಓಡಾಡುವವರಿಗೆ 80 ಬೇಕು.

ಇನ್ನೊಂದು ಸೂಕ್ಷ್ಮವಿದೆ, ಮಾರುವವರು ಇದನ್ನು ಬಾಯಿಬಿಡುವುದಿಲ್ಲ. ಲೇಬಲ್ಲಿನ ಸಂಖ್ಯೆ ಹೆಚ್ಚಿನ ಸಲ ಬಟ್ಟೆಯದು, ಚೀಲದ್ದಲ್ಲ. ಎಎಸ್‌ಟಿಎಂ ಡಿ4935 ಎಂಬ ಮಾನದಂಡದ ಹೆಸರು ಅಲ್ಲಿ ಕಾಣಿಸಿದರೆ ಗಮನಿಸಿ. ಅದು ಸಮತಟ್ಟಾಗಿ ಹಾಸಿದ ಬಟ್ಟೆಯ ತುಂಡನ್ನು ಅಳೆಯುವ ವಿಧಾನ. ಅದರ ವ್ಯಾಪ್ತಿ 30 ಮೆಗಾಹರ್ಟ್ಸ್‌ನಿಂದ 1.5 ಗಿಗಾಹರ್ಟ್ಸ್‌ವರೆಗೆ ಮಾತ್ರ. ವೈಫೈ ಇರುವುದು 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ. 5ಜಿಯ ಮುಖ್ಯ ಆವರ್ತನ ಪಟ್ಟಿಗಳಲ್ಲೊಂದು 3.3ರಿಂದ 3.8ರ ನಡುವೆ ಬರುತ್ತದೆ. ಇವೆರಡರ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಹೊಲಿದು, ಬಾಯಿ ಮಡಚಿ, ಒಳಗೆ ಫೋನ್ ಇಟ್ಟ ಚೀಲದ ಕಥೆಯೇ ಬೇರೆ. ಸಣ್ಣ ಗಾತ್ರದ ಪೆಟ್ಟಿಗೆ, ಚೀಲಗಳನ್ನು ಇಡಿಯಾಗಿ ಅಳೆಯಲು ಐಇಇಇ 299.1 ಎಂಬ ಮಾನದಂಡ ಇದೆ. ಅದರ ಪ್ರಕಾರ ಅಳೆದ ವರದಿ, ಯಾವ ಆವರ್ತನದಲ್ಲಿ ಎಷ್ಟು ಎಂಬ ಪಟ್ಟಿಯ ಸಮೇತ ಸಿಕ್ಕರೆ ಅದಕ್ಕೆ ಬೆಲೆ ಕೊಡಿ. ಬರೀ "ಮಿಲಿಟರಿ ದರ್ಜೆ" ಎಂದು ಬರೆದಿದ್ದರೆ ಅದಕ್ಕೆ ಅರ್ಥವೇ ಇಲ್ಲ.

ಸೋರುವುದು ಬಾಯಿ

ಒಳಗಿನ ಬೆಳ್ಳಿಬಣ್ಣದ ಬಟ್ಟೆ ನಿಜಕ್ಕೂ ಪಾಲಿಯೆಸ್ಟರ್ ನೇಯ್ಗೆ. ಅದರ ಮೇಲೆ ತಾಮ್ರ ಮತ್ತು ನಿಕಲ್ ಲೇಪ ಇರುತ್ತದೆ, ದುಬಾರಿ ಚೀಲಗಳಲ್ಲಿ ಬೆಳ್ಳಿ. ಈ ಬಟ್ಟೆ ಹೊಸದಾಗಿದ್ದಾಗ ಸಾಮಾನ್ಯವಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚೀಲ ಸೋಲುವುದು ಹೆಚ್ಚಾಗಿ ಬಾಯಿಯಲ್ಲಿ, ಆಮೇಲೆ ಹೊಲಿಗೆಯಲ್ಲಿ.

ರೇಡಿಯೊ ಅಲೆಗೆ ಬಿರುಕಿನ ಅಗಲಕ್ಕಿಂತ ಉದ್ದ ಮುಖ್ಯ. ಕಾಗದದಷ್ಟು ತೆಳು ಸೀಳಿದ್ದರೂ ಅದರ ಉದ್ದ ಅಲೆಯ ಉದ್ದದ ಅರ್ಧದಷ್ಟಿದ್ದರೆ ಅದೇ ಒಂದು ಆಂಟೆನಾ ಆಗಿಬಿಡುತ್ತದೆ. 900 ಮೆಗಾಹರ್ಟ್ಸ್‌ಗೆ ಈ ಅರ್ಧ ಅಲೆ ಸುಮಾರು 17 ಸೆಂಟಿಮೀಟರ್, 2.4 ಗಿಗಾಹರ್ಟ್ಸ್‌ಗೆ 6, 5 ಗಿಗಾಹರ್ಟ್ಸ್‌ಗೆ 3. ಫೋನ್ ಚೀಲದ ಬಾಯಿ ಹತ್ತು ಸೆಂಟಿಮೀಟರ್ ಅಗಲವಿದ್ದು, ಮಡಿಕೆಯಲ್ಲಿ ಲೋಹಕ್ಕೆ ಲೋಹ ತಾಗದೇ ಹೋದರೆ 1.5 ಗಿಗಾಹರ್ಟ್ಸ್‌ನ ಆಚೆಗಿನದೆಲ್ಲ ಸಲೀಸಾಗಿ ಹೊರಬರುತ್ತದೆ. 1800, 2100, 2300 ಮೆಗಾಹರ್ಟ್ಸ್ ಟವರ್‌ಗಳು, ವೈಫೈ, ಬ್ಲೂಟೂತ್ ಎಲ್ಲವೂ ಅದರಲ್ಲೇ ಬಂದವು. ಹೀಗಾಗಿಯೇ 900 ಅಥವಾ 700ರ ಪಟ್ಟಿಯಲ್ಲಿ ಪರೀಕ್ಷೆ ಪಾಸಾದ ಚೀಲ ವೈಫೈಯಲ್ಲಿ ಫೇಲಾಗುತ್ತದೆ.

ಎರಡು ಸುತ್ತು ಮಡಚುವ ಬಾಯಿ ಗೆಲ್ಲುವುದು ಇಲ್ಲೇ. ಪ್ರತಿ ಮಡಿಕೆಯಲ್ಲೂ ಬಟ್ಟೆ ಬಟ್ಟೆಯನ್ನು ಅಂಗುಲಗಟ್ಟಲೆ ಒತ್ತಿಕೊಳ್ಳುತ್ತದೆ, ಅಲೆ ಆ ಇಕ್ಕಟ್ಟಿನ ಅಂಕುಡೊಂಕು ದಾರಿಯಲ್ಲೇ ಸವೆದುಹೋಗುತ್ತದೆ. ಅಯಸ್ಕಾಂತದ ಬಾಯಿ ಹೊಸತರಲ್ಲಿ ಚೆನ್ನಾಗಿರುತ್ತದೆ. ಜೇಬಿನ ದೂಳು, ನೂಲಿನ ಎಳೆ ಪಟ್ಟಿಗಳ ನಡುವೆ ಕೂತರೆ ಕೂದಲೆಳೆಯಷ್ಟು ಸಂದು ಬೀಳುತ್ತದೆ, ಮೇಲೆ ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ವೆಲ್ಕ್ರೋ ಸ್ವತಃ ಪ್ಲಾಸ್ಟಿಕ್, ಅದು ಸಿಗ್ನಲ್ ತಡೆಯುವುದಿಲ್ಲ. ಅದು ಮಡಿಕೆಯನ್ನು ಬಿಗಿಹಿಡಿಯಲಷ್ಟೇ. ಮಡಿಕೆಯ ಒಳಗೇ ವೆಲ್ಕ್ರೋ ಹೊಲಿದಿರುವ ಚೀಲ ಕಂಡರೆ ಬಿಟ್ಟುಬಿಡಿ, ಲೋಹಕ್ಕೆ ಲೋಹ ತಾಗದಂತೆ ಅದು ನಡುವೆ ಅಡ್ಡ ಬರುತ್ತದೆ.

ಅಳತೆಯ ವಿಷಯ: ಫೋನಿನ ಉದ್ದಕ್ಕಿಂತ ಚೀಲ 8ರಿಂದ 10 ಸೆಂಟಿಮೀಟರ್ ಉದ್ದವಿರಬೇಕು, ಇಲ್ಲದಿದ್ದರೆ ಎರಡನೇ ಸುತ್ತು ಬರುವುದಿಲ್ಲ. ಕವರ್ ಸಮೇತ ಅಳೆಯಿರಿ. ಹಿಂಬದಿಯ ಕ್ಯಾಮೆರಾ ಉಬ್ಬು ಚೀಲವನ್ನು ಎಳೆದು ಮಡಿಕೆಯ ಒಂದು ಮೂಲೆಯನ್ನು ಬಾಯಿ ಬಿಡಿಸುತ್ತದೆ. ಬಿಗಿಯಾದ ಚೀಲಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಒಳಗೆ ಏನಿದೆ ಎಂದು ಕಾಣುವ ಜಾಲರಿ ಕಿಟಕಿಯ ಚೀಲಗಳು ತನಿಖಾ ಪ್ರಯೋಗಾಲಯಕ್ಕೆ ಸರಿ. ಆ ಜಾಲರಿ ಬಟ್ಟೆಗಿಂತ ದುರ್ಬಲ, ಜೇಬಿಗೆ ಬೇಡ.

ಕೊಂಡ ದಿನವೇ ಮಾಡಬೇಕಾದ ಪರೀಕ್ಷೆ

ಮಾರುವವರ ವಿಡಿಯೊಗಳಲ್ಲಿ ನಕ್ಷೆಯ ಮೇಲಿನ ನೀಲಿ ಚುಕ್ಕೆ ನಿಂತುಹೋಗುವುದನ್ನು ತೋರಿಸುತ್ತಾರೆ. ಅದು ಪರೀಕ್ಷೆಯೇ ಅಲ್ಲ. ಜಿಪಿಎಸ್ ಸಿಗ್ನಲ್ ನೆಲಕ್ಕೆ ಬರುವ ಹೊತ್ತಿಗೆ ಮೈನಸ್ 130 ಡಿಬಿಎಂ ಆಸುಪಾಸಿಗೆ ಇಳಿದಿರುತ್ತದೆ. ಕಾಂಕ್ರೀಟ್ ಛಾವಣಿಯೇ ಅದನ್ನು ತಡೆಯುತ್ತದೆ. ಚೀಲದ ನಿಜವಾದ ಎದುರಾಳಿ ಹತ್ತಿರದ ಟವರ್.

ಮೊದಲು ಸಿಗ್ನಲ್ ಜೋರಾಗಿರುವ ಜಾಗ ಹುಡುಕಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಫೋನ್ ಬಗ್ಗೆ ಮಾಹಿತಿ ಇರುವಲ್ಲಿ ಸಿಮ್ ಸ್ಥಿತಿ ತೆರೆದರೆ ಡಿಬಿಎಂ ಕಾಣುತ್ತದೆ. ಹಲವು ಫೋನುಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ಅದುಮಿ. ಸಂಖ್ಯೆ ಮೈನಸ್ 75ಕ್ಕಿಂತ ಉತ್ತಮವಾಗಿರುವ ಕಡೆ, ಸಾಧ್ಯವಾದರೆ ಬಯಲಿನಲ್ಲಿ, ಪರೀಕ್ಷೆ ಮಾಡಿ. ನೆಲಮಾಳಿಗೆಯಲ್ಲಿ ಎಂಥ ಕಳಪೆ ಚೀಲವೂ ಪಾಸಾಗುತ್ತದೆ.

ವೈಫೈ ಮತ್ತು ಬ್ಲೂಟೂತ್ ಆರಿಸಿ (ಆಫ್ ಮಾಡಿ). ವೈಫೈ ಉಳಿದರೆ ಕರೆ ಆ ದಾರಿಯಲ್ಲೇ ಬಂದು ನಿಮ್ಮನ್ನು ಗೊಂದಲಕ್ಕೆ ಕೆಡವುತ್ತದೆ. ರಿಂಗ್ ಪೂರ್ತಿ ಜೋರು ಮಾಡಿ, ಫೋನ್ ಒಳಗಿಟ್ಟು, ಎರಡು ಸುತ್ತು ಮಡಚಿ, ಎರಡು ನಿಮಿಷ ಕಾಯಿರಿ. ಬೇರೆ ಫೋನಿನಿಂದ ಕರೆ ಮಾಡಿ. "ಸಂಪರ್ಕಕ್ಕೆ ಸಿಗುತ್ತಿಲ್ಲ" ಎಂಬ ಮಾತು ಬರಲು ಮೊದಲ ಸಲ ಕೆಲವು ಕ್ಷಣ ಹೆಚ್ಚೇ ಹಿಡಿಯುತ್ತದೆ. ಫೋನ್ ಹೋಗಿಬಿಟ್ಟಿದೆ ಎಂದು ನೆಟ್‌ವರ್ಕ್‌ಗೆ ಇನ್ನೂ ಗೊತ್ತಿರುವುದಿಲ್ಲ, ಅದು ಕೂಗಿ ಕೂಗಿ ನೋಡುತ್ತದೆ. ಚೀಲವನ್ನು ಮಲಗಿಸಿ, ನಿಲ್ಲಿಸಿ, ಅಂಚು ಅದುಮಿ, ಹೀಗೆ ಮೂರು ಭಂಗಿಯಲ್ಲಾದರೂ ಕರೆ ಮಾಡಿ ನೋಡಿ.

ಹೊರತೆಗೆದ ಮೇಲೆ "ನಿಮಗೆ ಇಂತಿಂಥ ಸಂಖ್ಯೆಯಿಂದ ಕರೆ ಬಂದಿತ್ತು" ಎಂದು ಕಂಪನಿಯ ಎಸ್‌ಎಂಎಸ್ ಬಂದರೆ ಗಾಬರಿ ಬೇಡ. ಅದು ಕಂಪನಿಯ ಸರ್ವರ್ ಕಳಿಸಿದ್ದು. ಫೋನಿನ ಸ್ವಂತ ಕರೆ ಪಟ್ಟಿಯಲ್ಲಿ ಮಿಸ್ಡ್ ಕಾಲ್ ದಾಖಲಾಗಿದ್ದರೆ ಚೀಲ ಸೋತಿದೆ. ಒಳಗೆ ಅಲಾರಂ ಹೊಡೆದರೆ ಅದೂ ದೋಷವಲ್ಲ, ಅಲಾರಮ್ಮಿಗೆ ನೆಟ್‌ವರ್ಕ್ ಬೇಕಿಲ್ಲ.

ಇದಕ್ಕಿಂತ ಕಠಿಣ ಪರೀಕ್ಷೆ ನಡೆಯುತ್ತಿರುವ ಕರೆಯದು. ಕರೆ ಹಚ್ಚಿ, ಮಾತು ಸಾಗುತ್ತಿರುವಾಗಲೇ ಫೋನನ್ನು ಚೀಲಕ್ಕೆ ಇಳಿಸಿ ಮಡಚಿ. ಸಂಪರ್ಕ ಉಳಿಸಿಕೊಳ್ಳಲು ಫೋನ್ ಆಗ ತನ್ನ ಗರಿಷ್ಠ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಸಾಮಾನ್ಯ 4ಜಿ ಫೋನಿಗೆ ಅದು 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಹಳೆಯ 2ಜಿಯ 900 ಪಟ್ಟಿಯಲ್ಲಾದರೆ 2 ವ್ಯಾಟ್. ಅರ್ಧ ನಿಮಿಷದೊಳಗೆ ಕರೆ ಕಡಿದುಹೋದರೆ ಚೀಲ ಗಟ್ಟಿ. ಮಾತು ತುಂಡು ತುಂಡಾಗಿಯಾದರೂ ಕೇಳುತ್ತಲೇ ಇದ್ದರೆ ಹಿಂದಿರುಗಿಸಿ.

ವೈಫೈಗೆ ಫೋನನ್ನೇ ಹಾಟ್‌ಸ್ಪಾಟ್ ಮಾಡಿ ಒಳಗಿಡಿ, ಒಂದಡಿ ದೂರದ ಇನ್ನೊಂದು ಫೋನಿನಲ್ಲಿ ಅದರ ಹೆಸರು ಹುಡುಕಿ. ಪಟ್ಟಿಯನ್ನು ಹೊಸದಾಗಿ ತೆರೆಯಿರಿ, ಹಳೆಯ ಹೆಸರು ಸ್ವಲ್ಪ ಹೊತ್ತು ಉಳಿದಿರುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ನೋಡಿ. ಬ್ಲೂಟೂತ್‌ಗೆ ಫೋನಿನಲ್ಲೇ ಉಳಿಸಿಟ್ಟ ಹಾಡೊಂದನ್ನು ಇಯರ್‌ಫೋನಿಗೆ ಹಚ್ಚಿ ಚೀಲ ಮುಚ್ಚಿ. ಇಯರ್‌ಫೋನ್ ಚೀಲಕ್ಕೆ ಒಂದು ಗೇಣು ಹತ್ತಿರವಿದ್ದಾಗಲೂ ಹಾಡು ನಿಲ್ಲಬೇಕು. ಎಷ್ಟೋ ಚೀಲಗಳು ಎಡವುವುದು ಇಲ್ಲೇ.

ಕಂಪನಿಯ ಕಡತಕ್ಕೆ ಚೀಲ ತಾಗುವುದಿಲ್ಲ

ಇನ್ನು ಮುಖ್ಯ ವಿಷಯ. ಸರ್ಕಾರದ ಜಾಡು ಹಿಡಿಯುವಿಕೆ ಎಂದರೆ ಯಾರೋ ಪರದೆಯ ಮೇಲೆ ನಮ್ಮನ್ನೇ ನೋಡುತ್ತ ಕೂತಿರುತ್ತಾರೆ ಎಂದು ಊಹಿಸಿಕೊಳ್ಳುತ್ತೇವೆ. ಬಹುಪಾಲು ಅದು ಹಾಗಲ್ಲ. ಫೋನ್ ಕಂಪನಿ ತನ್ನ ವ್ಯವಹಾರಕ್ಕೆಂದು, ಅನೇಕ ದೇಶಗಳಲ್ಲಿ ಕಾನೂನಿನ ಒತ್ತಾಯಕ್ಕೆಂದು ಇಟ್ಟುಕೊಳ್ಳುವ ಕಡತವನ್ನು ಆಮೇಲೆ ತರಿಸಿಕೊಂಡು ಓದುತ್ತಾರೆ. ಯುರೋಪ್ ಒಕ್ಕೂಟ 2006ರಲ್ಲಿ ಇಂಥ ಮಾಹಿತಿಯನ್ನು 6 ತಿಂಗಳಿಂದ 2 ವರ್ಷದವರೆಗೆ ಇಡಲೇಬೇಕೆಂದು ನಿರ್ದೇಶನ ತಂದಿತು. ಅದು ಖಾಸಗಿತನಕ್ಕೆ ಅತಿಯಾದ ಧಕ್ಕೆ ಎಂದು ಅಲ್ಲಿನ ನ್ಯಾಯಾಲಯ 2014ರ ಏಪ್ರಿಲ್ 8ರಂದು ಅದನ್ನು ರದ್ದು ಮಾಡಿತು.

ಆ ಕಡತದಲ್ಲಿ ಎಷ್ಟಿರುತ್ತದೆ ಎಂಬುದಕ್ಕೆ ಜರ್ಮನಿಯ ರಾಜಕಾರಣಿ ಮಾಲ್ಟೆ ಸ್ಪಿಟ್ಜ್ ತನ್ನದನ್ನೇ ಬಯಲಿಗಿಟ್ಟರು. ಕಂಪನಿಯಿಂದ ಕೇಳಿ ಪಡೆದ ಆರು ತಿಂಗಳ ಮಾಹಿತಿಯಲ್ಲಿ 35,830 ದಾಖಲೆಗಳಿದ್ದವು. 2011ರಲ್ಲಿ ಅದು ನಕ್ಷೆಯಾಗಿ ಪ್ರಕಟವಾದಾಗ ಅವರ ರೈಲು ಪ್ರಯಾಣ, ನಿದ್ದೆ, ಸಭೆ ಎಲ್ಲವೂ ಅದರಲ್ಲಿ ಕಂಡವು. ಅಮೆರಿಕದ ಕಾರ್ಪೆಂಟರ್ ಪ್ರಕರಣದಲ್ಲಿ ಸರ್ಕಾರ ವಾರಂಟ್ ಇಲ್ಲದೆ ತರಿಸಿಕೊಂಡಿದ್ದು 127 ದಿನಗಳ ಟವರ್ ದಾಖಲೆ, ಒಟ್ಟು 12,898 ಸ್ಥಳಬಿಂದುಗಳು. ದಿನಕ್ಕೆ ಸರಾಸರಿ ನೂರೊಂದು. ಇದಕ್ಕೆ ವಾರಂಟ್ ಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಹೆಸರು ತೆಗೆದುಹಾಕಿದರೆ ಸಾಕಲ್ಲ ಎನ್ನುವವರಿಗೆ 2013ರ ಅಧ್ಯಯನವೊಂದು ಉತ್ತರ ಕೊಟ್ಟಿದೆ. 15 ಲಕ್ಷ ಜನರ 15 ತಿಂಗಳ ಫೋನ್ ದಾಖಲೆಯಲ್ಲಿ ಜಾಗ ಮತ್ತು ಹೊತ್ತು ಗೊತ್ತಿರುವ ಬರೀ ನಾಲ್ಕು ಬಿಂದುಗಳಿದ್ದರೆ ಶೇ 95ರಷ್ಟು ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದಿತ್ತು.

ಈಗ ಚೀಲಕ್ಕೆ ಬನ್ನಿ. ಫೋನ್ ಆರಿಸಿದಾಗ ಅಥವಾ ಏರ್‌ಪ್ಲೇನ್ ಮೋಡ್ ಹಾಕಿದಾಗ ಅದು ಸಾಮಾನ್ಯವಾಗಿ ನೆಟ್‌ವರ್ಕ್‌ಗೆ "ಹೊರಡುತ್ತಿದ್ದೇನೆ" ಎಂದು ಒಂದು ಸಂದೇಶ ಕೊಟ್ಟೇ ಹೋಗುತ್ತದೆ. ಚೀಲಕ್ಕೆ ಹಾಕಿದಾಗ ಅಂಥ ವಿದಾಯ ಇರುವುದಿಲ್ಲ, ಫೋನ್ ಏಕಾಏಕಿ ಮಾಯ. 4ಜಿಯಲ್ಲಿ ಸುಮ್ಮನಿರುವ ಫೋನ್ ಆಗಾಗ ಹಾಜರಿ ಹಾಕಬೇಕು. ಮಾನದಂಡದಲ್ಲಿರುವ ಮೂಲ ಅವಧಿ 54 ನಿಮಿಷ, ಕಂಪನಿಗಳು ಇದನ್ನು ಬದಲಿಸಿಕೊಳ್ಳಬಹುದು. ಆ ಹಾಜರಿ ತಪ್ಪಿದ ಮೇಲಷ್ಟೇ ನೆಟ್‌ವರ್ಕ್ ಫೋನ್ ಇಲ್ಲ ಎಂದು ತೀರ್ಮಾನಿಸುತ್ತದೆ. ಆರಿಸಿದ ಫೋನಿಗೂ ಚೀಲದೊಳಗಿನ ಫೋನಿಗೂ ಕಡತದಲ್ಲಿ ಹೀಗೆ ವ್ಯತ್ಯಾಸ ಮೂಡುತ್ತದೆ. ಸಿಗ್ನಲ್ ತುಂಬಿದ ನಗರದ ನಡುವೆ ವಿದಾಯ ಹೇಳದೆ ಮಾಯವಾದ ಫೋನ್, ಎರಡು ಗಂಟೆಯ ನಂತರ ಬೇರೆಲ್ಲೋ ಪ್ರತ್ಯಕ್ಷವಾದರೆ ಅದೇ ಒಂದು ಸುಳಿವು.

ಒಬ್ಬರದಕ್ಕಿಂತ ಇಬ್ಬರದು ಇನ್ನೂ ಕೆಟ್ಟದು. ಭೇಟಿಯಾಗಬೇಕಾದ ಇಬ್ಬರೂ ಭೇಟಿಯ ಜಾಗಕ್ಕೆ ಬಂದು, ಎದುರುಬದುರು ಕೂತು, ಒಟ್ಟಿಗೆ ಫೋನ್ ಚೀಲಕ್ಕೆ ಹಾಕಿ, ಒಟ್ಟಿಗೆ ಹೊರತೆಗೆದರೆ, ಅವರು ಭೇಟಿಯಾದರು ಎಂದು ಅವರೇ ಬರೆದುಕೊಟ್ಟಂತೆ. ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ದಿನಕ್ಕೆ ಸುಮಾರು 500 ಕೋಟಿ ಸ್ಥಳ ದಾಖಲೆಗಳನ್ನು ಸಂಗ್ರಹಿಸುತ್ತಿದ್ದುದು 2013ರ ಡಿಸೆಂಬರಿನಲ್ಲಿ ಅಲ್ಲೇ ಗುತ್ತಿಗೆಯ ಮೇಲೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಕೊಟ್ಟ ಕಡತಗಳಿಂದ ಬಯಲಾಯಿತು. ಜೊತೆಜೊತೆಗೆ ಚಲಿಸುವ ಫೋನುಗಳನ್ನು ಹೆಕ್ಕಿ ತೆಗೆಯುವ ಉಪಕರಣವೂ ಅದರ ಬಳಿ ಇತ್ತು. ಸ್ವಲ್ಪವೇ ಹೊತ್ತು ಆನ್ ಆಗಿ ಮತ್ತೆ ಆರುವ ಫೋನುಗಳನ್ನು ಅಲ್ಲಿ ವಿಶೇಷವಾಗಿ ಗಮನಿಸುತ್ತಿದ್ದರು.

ಹಾಗಾಗಿ ಬಳಸುವ ಕ್ರಮ ಹೀಗಿರಲಿ. ನೀವು ಮಾಮೂಲಾಗಿ ಇರುವ ಜಾಗದಲ್ಲೇ, ಹೊರಡುವುದಕ್ಕೆ ಸಾಕಷ್ಟು ಮೊದಲೇ, ಏರ್‌ಪ್ಲೇನ್ ಮೋಡ್ ಹಾಕಿ. ವೈಫೈ, ಬ್ಲೂಟೂತ್‌ಗಳನ್ನು ಸೆಟ್ಟಿಂಗ್ಸ್ ಒಳಗೆ ಹೋಗಿ ಆರಿಸಿ. ಐಫೋನಿನ ಕಂಟ್ರೋಲ್ ಸೆಂಟರಿನಲ್ಲಿ ಒತ್ತಿದರೆ ಅವು ಸಂಪರ್ಕ ಬಿಡುತ್ತವೆಯೇ ಹೊರತು ಪೂರ್ತಿ ಆರುವುದಿಲ್ಲ. ಆಮೇಲೆ ಚೀಲ. ಇದರಿಂದ ವಿದಾಯದ ಸಂದೇಶವೂ ಹೋಗಿರುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಏರ್‌ಪ್ಲೇನ್ ಮೋಡ್ ಹಾಕದೆ ಚೀಲದಲ್ಲಿಟ್ಟರೆ ಫೋನ್ ಟವರ್ ಹುಡುಕುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಮರಳಿ ಅದೇ ಮಾಮೂಲು ಜಾಗಕ್ಕೆ ಬಂದ ಮೇಲೆಯೇ ತೆರೆಯಿರಿ. "ಒಂದೇ ನಿಮಿಷ, ನಕ್ಷೆ ನೋಡಿಬಿಡುತ್ತೇನೆ" ಎಂದು ದಾರಿಯಲ್ಲಿ ತೆರೆದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು. ದಾರಿ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ.

ಸಿಮ್ ಬದಲಿಸಿದರೆ ಸಾಕು ಎಂಬ ನಂಬಿಕೆ ಇನ್ನೂ ಇದೆ. ಫೋನಿಗೆ ತನ್ನದೇ 15 ಅಂಕಿಯ ಗುರುತು ಸಂಖ್ಯೆ, ಐಎಂಇಐ, ಇದೆ, ಅದು ಸಿಮ್ಮಿನ ಜೊತೆ ದಾಖಲಾಗುತ್ತದೆ. ಹೊಸ ಸಿಮ್ ಹಾಕಿದ ಕ್ಷಣವೇ ಹಳೆಯದಕ್ಕೂ ಹೊಸದಕ್ಕೂ ಗಂಟು ಬೀಳುತ್ತದೆ.

ಇಷ್ಟೆಲ್ಲ ಯೋಚಿಸಬೇಕಾದಾಗ ಎಷ್ಟೋ ಸಲ ಒಳ್ಳೆಯ ದಾರಿ ಚೀಲವಲ್ಲ, ಫೋನನ್ನು ಆನ್ ಮಾಡಿಯೇ ಮನೆಯಲ್ಲಿ ಬಿಟ್ಟು ಹೋಗುವುದು. ಕಡತದಲ್ಲಿ ಯಾವ ಖಾಲಿ ಜಾಗವೂ ಉಳಿಯುವುದಿಲ್ಲ. ಫೋನ್ ಜೊತೆಗೆ ಬೇಕೇ ಬೇಕು, ಆದರೆ ದಾರಿಯಲ್ಲಿ ಅದು ಮಾತಾಡಬಾರದು ಎನ್ನುವವರಿಗೆ ಚೀಲ.

ಚೀಲ ಪೂರ್ಣ ಅಂಕ ಪಡೆಯುವ ಕಡೆ

ನಕಲಿ ಟವರ್‌ಗಳ ಎದುರು ಚೀಲ ಬಹಳ ಒಳ್ಳೆಯ ರಕ್ಷಣೆ. ಐಎಂಎಸ್‌ಐ ಹಿಡುಕ (ಐಎಂಎಸ್‌ಐ ಎಂದರೆ ಸಿಮ್ಮಿನ ಗುರುತು ಸಂಖ್ಯೆ) ಎಂದು ಕರೆಯುವ ಈ ಯಂತ್ರವನ್ನು ವಾಹನದಲ್ಲೋ ಬೆನ್ನಚೀಲದಲ್ಲೋ ಇಟ್ಟುಕೊಂಡು ಮೆರವಣಿಗೆಯ ಪಕ್ಕ ನಿಂತರೆ ಸುತ್ತಲಿನ ಫೋನುಗಳು ಅದನ್ನೇ ಟವರ್ ಎಂದು ನಂಬಿ ತಮ್ಮ ಗುರುತು ಕೊಡುತ್ತವೆ. ಒಂದೇ ಸಲಕ್ಕೆ ಅಲ್ಲಿದ್ದವರ ಪಟ್ಟಿ ಸಿದ್ಧ. 2ಜಿಯಲ್ಲಿ ಟವರ್ ತಾನು ಅಸಲಿ ಎಂದು ಫೋನಿಗೆ ಸಾಬೀತು ಮಾಡಬೇಕಿಲ್ಲ, ಈ ದೌರ್ಬಲ್ಯವನ್ನೇ ಇಂಥ ಯಂತ್ರಗಳು ಬಳಸಿಕೊಳ್ಳುತ್ತವೆ. ಚೀಲದೊಳಗಿನ ಫೋನ್ ಆ ಪಟ್ಟಿಗೆ ಸೇರುವುದಿಲ್ಲ. ಫೋನ್ ಹೊರಗಿರುವಾಗಲೂ ಸ್ವಲ್ಪ ಕಾಪಾಡಿಕೊಳ್ಳಬೇಕಾದರೆ 2ಜಿ ಆಫ್ ಮಾಡಿಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹಲವು ಫೋನುಗಳ ಸಿಮ್ ಸೆಟ್ಟಿಂಗ್ಸಿನಲ್ಲಿ ಆ ಆಯ್ಕೆ ಇದೆ, ಐಫೋನ್‌ನಲ್ಲಿ ಐಒಎಸ್ 17ರಿಂದ ಲಾಕ್‌ಡೌನ್ ಮೋಡ್ ಅದನ್ನು ಮಾಡುತ್ತದೆ.

ಆರಿಸಿದ ಫೋನ್ ಪೂರ್ತಿ ಸತ್ತಿರುವುದಿಲ್ಲ, ಇದಕ್ಕೂ ಚೀಲ ಬೇಕು. ಐಒಎಸ್ 15ರಿಂದ ಹೊಸ ಐಫೋನುಗಳು ಆರಿಸಿದ ಮೇಲೂ ಬ್ಲೂಟೂತ್ ಸುಳಿವು ಬಿಡುತ್ತಿರುತ್ತವೆ, ಕಳೆದುಹೋದ ಫೋನ್ ಸಿಗಲಿ ಎಂದು. ಪಿಕ್ಸೆಲ್ 8ರಲ್ಲೂ ಇಂಥದ್ದು ಬಂದಿದೆ. ಐಫೋನ್ ಆರಿಸುವ ಪರದೆಯಲ್ಲೇ ಇದನ್ನು ಆ ಸಲಕ್ಕೆ ನಿಲ್ಲಿಸುವ ಆಯ್ಕೆ ಸಿಗುತ್ತದೆ. ಆರಿಸಿ ಚೀಲದಲ್ಲಿಟ್ಟರೆ ಈ ಚಿಂತೆಯೂ ಇಲ್ಲ.

ಶೂನ್ಯ ಅಂಕದ ಕಡೆ

ಫೋನಿನೊಳಗೇ ಗೂಢಚಾರ ತಂತ್ರಾಂಶ ಕೂತಿದ್ದರೆ ಚೀಲ ಕೈಚೆಲ್ಲುತ್ತದೆ. ಇಸ್ರೇಲಿನ ಎನ್‌ಎಸ್‌ಒ ಕಂಪನಿ ಸರ್ಕಾರಗಳಿಗೆ ಮಾರುವ ಪೆಗಾಸಸ್ 2016ರಲ್ಲಿ ಮೊದಲು ಬೆಳಕಿಗೆ ಬಂತು. 2021ರ ಹೊತ್ತಿಗೆ ಬಳಕೆದಾರ ಏನನ್ನೂ ಒತ್ತದೆ, ಒಂದು ಐಮೆಸೇಜ್ ಬಂದರೆ ಸಾಕು ಎಂಬಷ್ಟು ಬೆಳೆದಿತ್ತು. ಆ ತೂತನ್ನು ಆಪಲ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಐಒಎಸ್ 14.8ರಲ್ಲಿ ಮುಚ್ಚಿತು. ಇಂಥದ್ದು ಒಳಗಿದ್ದರೆ ಚೀಲದಲ್ಲೂ ಮೈಕ್ ಕೇಳಿಸಿಕೊಳ್ಳಬಲ್ಲದು, ಧ್ವನಿಯನ್ನು ಉಳಿಸಿಟ್ಟುಕೊಂಡು ಹೊರಬಂದ ಕೂಡಲೇ ಕಳಿಸಬಲ್ಲದು. ಬಟ್ಟೆ ಮಾತನ್ನು ಮಂದ ಮಾಡುತ್ತದೆ, ತಡೆಯುವುದಿಲ್ಲ. 2013ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ನೋಡೆನ್ ತನ್ನನ್ನು ಕಾಣಲು ಬಂದ ವಕೀಲರ ಫೋನುಗಳನ್ನು ಫ್ರಿಜ್ಜಿನಲ್ಲಿ ಇಡಿಸಿದ್ದು ಇದೇ ಕಾರಣಕ್ಕೆ. ಫ್ರಿಜ್ಜಿನ ದಪ್ಪ ಗೋಡೆ ಮೈಕ್‌ಗೆ ಮಾತು ಮುಟ್ಟದಂತೆ ಮಾಡುತ್ತದೆ. ಆದರೆ ಬಾಗಿಲಿನ ರಬ್ಬರ್ ಅಂಚಿನ ಸಂದಿಯಿಂದ ರೇಡಿಯೊ ಸಿಗ್ನಲ್ ಸಾಗಬಲ್ಲದು. ಗುಟ್ಟಿನ ಮಾತಿದ್ದರೆ ಫೋನ್ ಬೇರೆ ಕೋಣೆಯಲ್ಲಿರಲಿ, ಚೀಲದೊಳಗಿದ್ದರೂ ಸರಿಯೇ.

ನಡಿಗೆ, ತಿರುವು, ಎತ್ತರ ಅಳೆಯುವ ಸೆನ್ಸರುಗಳೂ ಒಳಗೆ ಕೆಲಸ ಮಾಡುತ್ತಲೇ ಇರುತ್ತವೆ. ಹೆಜ್ಜೆ ಎಣಿಸುವ ಆಪ್ ಚೀಲದೊಳಗೂ ಎಣಿಸುತ್ತದೆ. ನಡುವೆ ಓಡಾಡಿದಿರಿ, ಇಷ್ಟು ಹೊತ್ತು ಕೂತಿರಿ ಎಂಬುದು ಫೋನಿನಲ್ಲಿ ಉಳಿಯುತ್ತದೆ. ಪೂರ್ತಿ ಆರಿಸಿ ಇಡುವುದೇ ಇದಕ್ಕೆ ದಾರಿ.

ಆಪ್‌ಗಳ ದಾರಿ ಬೇರೆಯೇ ಇದೆ. ಹವಾಮಾನ, ಆಟದಂಥ ಆಪ್‌ಗಳು ಜಾಹೀರಾತಿಗೆಂದು ಕಲೆಹಾಕಿದ ಸ್ಥಳ ಮಾಹಿತಿ ದಲ್ಲಾಳಿಗಳ ಕೈ ಸೇರುತ್ತದೆ, ಅದನ್ನು ಸರ್ಕಾರಿ ಸಂಸ್ಥೆಗಳೇ ದುಡ್ಡು ಕೊಟ್ಟು ಕೊಂಡಿರುವುದು ಅಮೆರಿಕದಲ್ಲಿ ಅಧಿಕೃತವಾಗಿಯೇ ಒಪ್ಪಿಕೊಂಡ ಸಂಗತಿ. ಚೀಲ ಕೊಳ್ಳುವ ಮೊದಲು ಸ್ಥಳದ ಅನುಮತಿ ಯಾವ ಯಾವ ಆಪ್‌ಗೆ ಇದೆ ಎಂದು ನೋಡಿ ಕಿತ್ತುಹಾಕಿ. ಆಂಡ್ರಾಯ್ಡ್‌ನ ಜಾಹೀರಾತು ಸೆಟ್ಟಿಂಗ್ಸಿನಲ್ಲಿ ಜಾಹೀರಾತು ಐಡಿ ಅಳಿಸಿ. ಐಫೋನ್‌ನಲ್ಲಿ ಟ್ರ್ಯಾಕಿಂಗ್ ಅನುಮತಿಯನ್ನು ಎಲ್ಲ ಆಪ್‌ಗಳಿಗೂ ನಿರಾಕರಿಸಿ. ದಿನದ ಇಪ್ಪತ್ತಮೂರು ಗಂಟೆ ಫೋನ್ ಚೀಲದ ಹೊರಗೇ ಇರುವವರಿಗೆ ಚೀಲಕ್ಕಿಂತ ಹೆಚ್ಚು ಉಪಕಾರ ಇದರಿಂದ.

ಚೀಲದ ಬದಲು

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಗ್ಗದ ಪೌಚ್‌ಗಳಿಗಿಂತ ಮೇಲು. ಮೂರು ಸುತ್ತು ಸುತ್ತಿ, ಅಂಚುಗಳನ್ನು ಎರಡು ಸಲ ಮಡಚಿ ಒತ್ತಿದರೆ ಬಹುತೇಕ ಕಡೆ ಫೋನ್ ಮೌನವಾಗುತ್ತದೆ. ಒಂದು ಸಣ್ಣ ಹರುಕಿಗೆ ಕೆಲಸ ಕೆಡುತ್ತದೆ, ಪ್ರತಿ ಸಲ ಹೊಸ ಹಾಳೆ ಬೇಕು. ತಗಡಿನ ಡಬ್ಬಿ ಮುಚ್ಚಳದ ಸಂದಿಯಲ್ಲಿ ಸೋರುತ್ತದೆ. ಮುಚ್ಚಳ ಕೂರುವ ಅಂಚಿನ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಮಾಡಿದರೆ ಸುಧಾರಿಸುತ್ತದೆ. ಮೈಕ್ರೋವೇವ್ ಒಲೆಯನ್ನು ನೆಚ್ಚಬೇಡಿ. ಅದರ ಬಾಗಿಲನ್ನು 2.45 ಗಿಗಾಹರ್ಟ್ಸ್ ತಡೆಯಲೆಂದು ರೂಪಿಸಿದ್ದಾರೆ, ಟವರಿನ ಬೇರೆ ಆವರ್ತನಗಳಲ್ಲಿ ಒಳಗಿನ ಫೋನ್ ರಿಂಗ್ ಆಗುವುದುಂಟು. ಗೊತ್ತಿಲ್ಲದವರು ಒಲೆ ಚಾಲೂ ಮಾಡಿದರೆ ಬೆಂಕಿಯೇ.

ಬಾಳಿಕೆ

ಈ ಚೀಲ ಶಾಶ್ವತವಲ್ಲ, ಸವೆಯುವ ವಸ್ತು. ದಿನಕ್ಕೆ ಹತ್ತು ಸಲ ಮಡಚುವ ಜಾಗದಲ್ಲಿ ಲೇಪ ಬಿರುಕು ಬಿಡುತ್ತದೆ. ಬೆವರಿನ ಉಪ್ಪು ತಾಮ್ರವನ್ನು ಕಪ್ಪಾಗಿಸುತ್ತದೆ. ಒಗೆಯಬಾರದು, ಒಣಬಟ್ಟೆಯಿಂದ ಒರೆಸಿದರೆ ಸಾಕು. ಕೀಲಿ, ಪೆನ್ನು ಜೊತೆಗೆ ಹಾಕಬೇಡಿ. ಮಡಚುವ ಗೆರೆ ಪ್ರತಿ ಸಲ ಒಂದೇ ಕಡೆ ಬೀಳದಂತೆ ಅರ್ಧ ಬೆರಳು ಆಚೀಚೆ ಮಾಡಿದರೆ ಬಾಳಿಕೆ ಹೆಚ್ಚುತ್ತದೆ.

ಮಲ್ಟಿಮೀಟರ್ ಇದ್ದರೆ ಹೊಸ ಚೀಲ ಬಂದ ದಿನವೇ ಒಳಬಟ್ಟೆಯ ಎರಡು ತುದಿಗೆ ಕಡ್ಡಿಗಳನ್ನು ಒತ್ತಿ ರೋಧ ಅಳೆದು ಬರೆದಿಡಿ. ಒಳ್ಳೆಯ ಬಟ್ಟೆ ಒಂದೆರಡು ಓಮ್ ಒಳಗೇ ತೋರಿಸುತ್ತದೆ. ಮಡಿಕೆಯ ಗೆರೆಯ ಈಚೆಗೊಂದು ಆಚೆಗೊಂದು ಕಡ್ಡಿ ಇಟ್ಟು ತಿಂಗಳಿಗೊಮ್ಮೆ ಅಳೆದರೆ ಬಿರುಕು ಕಣ್ಣಿಗೆ ಕಾಣುವ ಮೊದಲೇ ಸಂಖ್ಯೆ ಏರುವುದು ತಿಳಿಯುತ್ತದೆ. ಮೀಟರ್ ಇಲ್ಲದವರು ನಡೆಯುತ್ತಿರುವ ಕರೆಯ ಪರೀಕ್ಷೆಯನ್ನೇ ತಿಂಗಳಿಗೊಮ್ಮೆ ಮಾಡಲಿ, ಮುಖ್ಯ ಕೆಲಸಕ್ಕೆ ಹೊರಡುವ ದಿನ ತಪ್ಪದೆ ಮಾಡಲಿ. ಆದರೆ ಆ ಕರೆಯೂ ಟವರಿನಲ್ಲಿ ದಾಖಲಾಗುತ್ತದೆ ಎಂಬುದು ನೆನಪಿರಲಿ, ಮಾಮೂಲು ಜಾಗದಲ್ಲಿ, ಮಾಮೂಲು ಸಂಖ್ಯೆಗೇ ಹಚ್ಚಿ. ಮಡಿಕೆಯಲ್ಲಿ ಬೆಳ್ಳಿಬಣ್ಣ ಮಾಸಿ ಕೆಳಗಿನ ನೂಲು ಇಣುಕಿತೆಂದರೆ ಅಥವಾ ಫೋನಿನ ಮೂಲೆ ಕೂರುವಲ್ಲಿ ಬಟ್ಟೆ ತೆಳುವಾಗಿ ಬೆಳಕು ತೂರಿತೆಂದರೆ ಆ ಚೀಲವನ್ನು ಪಕ್ಕಕ್ಕಿಟ್ಟು ಹೊಸದು ತನ್ನಿ.